ಬಂದ ಅಂಕಿಯನ್ನೇ ಬರೆಯೋಣ

ಕಳೆದ ತಿಂಗಳು ರಸಾಯನಶಾಸ್ತ್ರದ ಪ್ರಾಕ್ಟಿಕಲ್‌ನಲ್ಲಿ ನನ್ನ ಟೈಟ್ರೇಶನ್‌ಗೆ 9.4, 9.9, 9.6 ಎಂದು ಮೂರು ರೀಡಿಂಗ್ ಬಂದವು. ರೆಕಾರ್ಡ್‌ನಲ್ಲಿ ಮೂರನ್ನೂ 9.6 ಎಂದೇ ಬರೆದೆ. ನಮ್ಮಲ್ಲಿ ಅನೇಕರು ಹೀಗೆ ಮಾಡುತ್ತೇವೆ. ಇದು ತಪ್ಪು ಎಂದು ನನಗೆ ಅನಿಸಿಯೇ ಇರಲಿಲ್ಲ.

ದೊಡ್ಡಪ್ಪನ ಮಗಳು ಹುಬ್ಬಳ್ಳಿಯಲ್ಲಿ ಲ್ಯಾಬ್ ಟೆಕ್ನಿಷಿಯನ್. ಹಬ್ಬಕ್ಕೆ ಸಂಶಿಗೆ ಬಂದಾಗ ಇದನ್ನು ನಗುತ್ತ ಹೇಳಿದೆ. ಆಪಾ ನಗಲಿಲ್ಲ. ತಾನು ಮತ್ತು ಲ್ಯಾಬಿನ ಡಾಕ್ಟರು ಸೇರಿ ಪ್ರಯೋಗಾಲಯ ವೈದ್ಯಶಾಸ್ತ್ರದ ಒಂದು ಪತ್ರಿಕೆಗೆ ಕಳಿಸಿದ ಸಂಶೋಧನಾ ಲೇಖನದ ಕಥೆ ಹೇಳಿದಳು.

ವಿಷಯ ನಮ್ಮ ಹಳ್ಳಿಗಳದ್ದೇ. ಟ್ಯೂಬಿನೊಳಗೂ ರಕ್ತಕಣಗಳು ಸಕ್ಕರೆಯನ್ನು ಬಳಸುತ್ತಲೇ ಇರುತ್ತವೆ. ಕಣಗಳನ್ನು ಬೇರ್ಪಡಿಸದೆ ಹಾಗೇ ಇಟ್ಟರೆ ಗಂಟೆಗೆ ಸುಮಾರು ಶೇ. 5ರಿಂದ 7ರಷ್ಟು ಸಕ್ಕರೆ ಇಳಿಯುತ್ತದೆ. ಫ್ಲೋರೈಡ್ ಇರುವ ಬೂದು ಮುಚ್ಚಳದ ಟ್ಯೂಬ್ ಕೂಡ ಇದನ್ನು ತಕ್ಷಣ ಪೂರ್ತಿ ತಡೆಯುವುದಿಲ್ಲ. ಊರಲ್ಲಿ ತೆಗೆದ ರಕ್ತ ಹುಬ್ಬಳ್ಳಿ ಮುಟ್ಟುವಷ್ಟರಲ್ಲಿ ಅಜ್ಜಿಯ ಶುಗರ್ ಇದ್ದದ್ದಕ್ಕಿಂತ ಕಡಿಮೆ ಕಾಣಬಹುದು. ಆ ರಿಪೋರ್ಟ್ ನಂಬಿ ಮಾತ್ರೆ ಕಡಿಮೆ ಮಾಡಿದರೆ?

ಲೇಖನ ಪ್ರಶ್ನೆಗಳೊಂದಿಗೆ ಮರಳಿ ಬಂತು. ರಕ್ತ ತೆಗೆದ ಸಮಯ ಯಾವುದು? ಯಾವ ಟ್ಯೂಬ್? ನೈತಿಕ ಸಮಿತಿಯ ಒಪ್ಪಿಗೆ ಎಲ್ಲಿದೆ? ಒಂದು ದಿನದ ಮಾದರಿಗಳಿಗೆ ಸಮಯದ ಕಾಲಂ ಖಾಲಿ ಇತ್ತು. ಅಂದಾಜಿನಲ್ಲಿ ತುಂಬಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆಪಾ ಆ ಮಾದರಿಗಳನ್ನೇ ಕೈಬಿಟ್ಟು, ಕೈಬಿಟ್ಟದ್ದನ್ನೂ ಲೇಖನದಲ್ಲಿ ಬರೆದು, ಮತ್ತೆ ಕಳಿಸಿದ್ದಾಳೆ. ಉತ್ತರ ಇನ್ನೂ ಬಂದಿಲ್ಲ. ಅಲ್ಲಿಯವರೆಗೆ ಅದನ್ನು ಬೇರೆ ಪತ್ರಿಕೆಗೆ ಕಳಿಸುವಂತಿಲ್ಲ. ಒಂದು ಸಲಕ್ಕೆ ಒಂದೇ ಪತ್ರಿಕೆ ಎಂಬುದು ನಿಯಮ.

ಸಂಶೋಧನೆ ದೊಡ್ಡ ಊರಿನವರ ಕೆಲಸ ಎಂದು ನಾವು ತಿಳಿದಿದ್ದೇವೆ. ಆದರೆ 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕಾಡಂಚಿನಲ್ಲಿ ಮಂಗಗಳು ಸತ್ತು, ಜನ ಜ್ವರಕ್ಕೆ ಬಿದ್ದಾಗ, ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ಕಂಡದ್ದನ್ನು ಬರೆದು ಪ್ರಕಟಿಸಿದರು. ಕ್ಯಾಸನೂರು ಎಂಬ ಹೆಸರು ಇಂದು ಜಗತ್ತಿನ ವೈದ್ಯಗ್ರಂಥಗಳಲ್ಲಿದೆ. ನಮ್ಮ ಕುಂದಗೋಳ ತಾಲ್ಲೂಕಿನಲ್ಲೂ ಕೇಳಬೇಕಾದ ಪ್ರಶ್ನೆಗಳಿವೆ. ಹಾಗೆಂದು ನಾಳೆಯೇ ಸಹಪಾಠಿಗಳ ರಕ್ತ ಪರೀಕ್ಷಿಸಲು ಹೊರಡುವಂತಿಲ್ಲ. ಅದಕ್ಕೆ ಸಮಿತಿಯ ಅನುಮತಿ ಬೇಕು. 18 ತುಂಬದವರಾದರೆ ಪಾಲಕರ ಒಪ್ಪಿಗೆಯೂ ಬೇಕು.

ನಮ್ಮ ಕೈಯಲ್ಲಿ ಈಗ ಇರುವುದು ರೆಕಾರ್ಡ್ ಪುಸ್ತಕ. ಇಲ್ಲಿ ಅಂಕಿ ಹೊಂದಿಸುವುದನ್ನು ಕಲಿತ ಕೈ, ನಾಳೆ ರೋಗಿಯ ರಿಪೋರ್ಟ್‌ನಲ್ಲಿ ಹೊಂದಿಸುವುದಿಲ್ಲ ಎಂದು ಹೇಗೆ ಹೇಳುವುದು?

ಉಪನ್ಯಾಸಕರಲ್ಲಿ ಒಂದು ವಿನಂತಿ. ಹೊಂದಿಕೆಯಾಗದ ರೀಡಿಂಗ್ ಬರೆದವರಿಗೆ ಅಂಕ ಕಳೆಯಬೇಡಿ, ಕಾರಣ ಕೇಳಿ, ಇನ್ನೊಮ್ಮೆ ಮಾಡಲು ಬಿಡಿ. ಗೆಳೆಯರೇ, ನಾವು ಬಂದದ್ದನ್ನೇ ಬರೆಯೋಣ. ನನ್ನ ರೆಕಾರ್ಡ್‌ನ ಆ ಪುಟ ತಿದ್ದಿದ್ದೇನೆ. 9.4, 9.9, 9.6. ನೋಡಲು ಚೆನ್ನಾಗಿಲ್ಲ, ಆದರೆ ನಿಜ.

— ದ್ವಿತೀಯ ಪಿಯುಸಿ, ವಿಜ್ಞಾನ ವಿಭಾಗದ ವಿದ್ಯಾರ್ಥಿ