ಕಿಲೋ ಓಮ್ ಹೆಚ್ಚಿದ್ದರೆ ಗಿಟಾರ್ ಸೌಂಡ್ ದಪ್ಪ ಆಗುತ್ತಾ? ಪಿಕಪ್ ಬದಲಿಸುವ ಮೊದಲು ಇದನ್ನು ಓದಿ

“8 ಕಿಲೋ ಓಮ್ ಇದ್ದರೆ ಬ್ಲೂಸ್‌ಗೆ, 16 ಇದ್ದರೆ ಮೆಟಲ್‌ಗೆ. ಅಂಕಿ ಹೆಚ್ಚಿದಷ್ಟೂ ಪವರ್ ಹೆಚ್ಚು.” ಎಲೆಕ್ಟ್ರಿಕ್ ಗಿಟಾರ್ ಕಲಿಯುವವರ ವಾಟ್ಸಾಪ್ ಗುಂಪುಗಳಲ್ಲಿ ಈ ಧಾಟಿಯ ಮಾತು ಸುತ್ತುತ್ತಲೇ ಇರುತ್ತದೆ. ಇದನ್ನು ನಂಬಿ, ಚೆನ್ನಾಗಿರುವ ಪಿಕಪ್ ಕಿತ್ತು, ಗಿಟಾರ್‌ನ ಬೆಲೆಗೆ ಹತ್ತಿರಹತ್ತಿರ ದುಡ್ಡು ಸುರಿದು ಹೊಸದು ಹಾಕಿಸುವವರಿದ್ದಾರೆ. ಹಾಗಾದರೆ ಈ ಅಂಕಿ ನಿಜವಾಗಿ ಹೇಳುವುದೇನು?

ಮೊದಲು ತಿಳಿಯಬೇಕಾದ್ದು, ಪಿಕಪ್ ಎಂಬುದು ಮೈಕ್ ಅಲ್ಲ. ಅದು ಗಾಳಿಯಲ್ಲಿ ಬರುವ ಸದ್ದನ್ನು ಹಿಡಿಯುವುದಿಲ್ಲ. ಒಂದು ಅಯಸ್ಕಾಂತ, ಅದರ ಸುತ್ತ ಕೂದಲೆಳೆಯಷ್ಟು ಸಪೂರವಾದ ತಾಮ್ರದ ವೈರಿನ ಸಾವಿರಾರು ಸುತ್ತು, ಅಷ್ಟೇ. ಮೇಲಿರುವ ಉಕ್ಕಿನ ತಂತಿ ಕಂಪಿಸಿದಾಗ ಅಯಸ್ಕಾಂತದ ಕ್ಷೇತ್ರ ಅಲುಗಾಡುತ್ತದೆ, ಸುರುಳಿಯಲ್ಲಿ ಸಣ್ಣ ವಿದ್ಯುತ್ ಹುಟ್ಟುತ್ತದೆ. ಮೈಕೆಲ್ ಫ್ಯಾರಡೆ 1831ರಲ್ಲಿ ಕಂಡುಕೊಂಡದ್ದು ಇದೇ ತತ್ತ್ವ. ನೈಲಾನ್ ತಂತಿ ಕಟ್ಟಿದ ಗಿಟಾರ್‌ಗೆ ಇಂಥ ಪಿಕಪ್ ಹಾಕಿದರೆ ಏನೂ ಕೇಳದಿರುವುದು ಅದಕ್ಕೇ.

ಇನ್ನು ಕಿಲೋ ಓಮ್. ಅದು ಆ ತಾಮ್ರದ ವೈರ್ ವಿದ್ಯುತ್ತಿಗೆ ಒಡ್ಡುವ ತಡೆ. ಒಂದೇ ದಪ್ಪದ ವೈರ್, ಒಂದೇ ಅಯಸ್ಕಾಂತ ಇರುವ ಎರಡು ಪಿಕಪ್‌ಗಳನ್ನು ಹೋಲಿಸಿದರೆ, ಹೆಚ್ಚು ತಡೆ ಎಂದರೆ ಹೆಚ್ಚು ಸುತ್ತು; ಹೆಚ್ಚು ಸುತ್ತು ಎಂದರೆ ಜೋರಾದ, ಸ್ವಲ್ಪ ಮಬ್ಬಾದ ನಾದ. ಫಾರ್ವರ್ಡ್‌ನಲ್ಲಿ ನಿಜವಿರುವುದು ಇಷ್ಟೇ. ಆದರೆ ವೈರನ್ನು ಒಂದು ಅಳತೆ ಸಪೂರ ಮಾಡಿದರೂ, ಸುತ್ತು ಅಷ್ಟೇ ಇದ್ದರೂ, ತಡೆ ಸುಮಾರು ಕಾಲುಭಾಗ ಏರುತ್ತದೆ. ಅಷ್ಟೇಕೆ, ಬಿಸಿಲಿಗೂ ಏರುತ್ತದೆ. ಮಡಿಕೇರಿಯ 20 ಡಿಗ್ರಿಯಲ್ಲಿ 8 ಕಿಲೋ ಓಮ್ ತೋರಿಸಿದ ಪಿಕಪ್, ಕಲಬುರಗಿಯ 40 ಡಿಗ್ರಿ ಸೆಕೆಯಲ್ಲಿ ಸುಮಾರು 8.6 ತೋರಿಸುತ್ತದೆ. ಗಿಟಾರ್ ಅದೇ, ಕೈ ಅದೇ! ಬೇರೆ ಬೇರೆ ಕಂಪನಿಯ, ಬೇರೆ ಬೇರೆ ಬಗೆಯ ಪಿಕಪ್‌ಗಳನ್ನು ಈ ಒಂದು ಅಂಕಿಯಿಂದ ತೂಗುವುದು, ಬಾವಿ ಹಗ್ಗದ ಉದ್ದ ನೋಡಿ ನೀರಿನ ರುಚಿ ಹೇಳಿದ ಹಾಗೆ.

ಹಾಗಾದರೆ ನಾದ ಎಲ್ಲಿಂದ ಬದಲಾಗುತ್ತದೆ? ದೊಡ್ಡ ವ್ಯತ್ಯಾಸ ಬರುವುದು ಪಿಕಪ್‌ನ ಬಗೆಯಿಂದ. ಒಂದೇ ಸುರುಳಿಯ ‘ಸಿಂಗಲ್ ಕಾಯಿಲ್’ ಪಿಕಪ್‌ನಲ್ಲಿ ತಾರ ಭಾಗ ಹೊಳೆಯುತ್ತದೆ, ಒಂದೊಂದು ಮೀಟೂ ಬಿಡಿಬಿಡಿಯಾಗಿ ಕೇಳುತ್ತದೆ. ಅದರ ತೊಂದರೆ ಎಂದರೆ ಗುಂಯ್ ಎನ್ನುವ ಸದ್ದು. ಸುರುಳಿ ಒಂದು ಆಂಟೆನಾದಂತೆ ವರ್ತಿಸಿ, ನಮ್ಮ ಮನೆಯ 50 ಹರ್ಟ್ಸ್ ಕರೆಂಟಿನ ಗುನುಗನ್ನು ಟ್ಯೂಬ್‌ಲೈಟ್, ಟ್ರಾನ್ಸ್‌ಫಾರ್ಮರ್‌ಗಳಿಂದ ಎಳೆದುಕೊಳ್ಳುತ್ತದೆ. ಅಮೆರಿಕದ ಗಿಬ್ಸನ್ ಕಂಪನಿಯ ಎಂಜಿನಿಯರ್ ಸೆತ್ ಲವರ್ 1955ರಲ್ಲಿ ಇದಕ್ಕೊಂದು ಉಪಾಯಕ್ಕೆ ಪೇಟೆಂಟ್ ಕೇಳಿದರು: ಎರಡು ಸುರುಳಿ, ಒಂದಕ್ಕೊಂದು ಉಲ್ಟಾ ಜೋಡಣೆ, ಅಯಸ್ಕಾಂತದ ಧ್ರುವಗಳೂ ಉಲ್ಟಾ. ಹೊರಗಿನ ಗುಂಯ್ ಒಂದರಲ್ಲಿ ಕೂಡಿದಷ್ಟೇ ಇನ್ನೊಂದರಲ್ಲಿ ಕಳೆದುಹೋಗುತ್ತದೆ, ತಂತಿಯ ಸಂಕೇತ ಮಾತ್ರ ಎರಡೂ ಸೇರಿ ಬಲವಾಗುತ್ತದೆ. ಅದೇ ಹಂಬಕರ್. ಎರಡು ಸುರುಳಿ ಸರಣಿಯಲ್ಲಿ ಸೇರುವುದರಿಂದ ಮೇಲಿನ ಸ್ವರಾಂಶಗಳು ತಗ್ಗಿ ನಾದ ದುಂಡಗಾಗುತ್ತದೆ. ಇವೆರಡರ ನಡುವಿನ ರುಚಿ ಬೇಕೆನ್ನುವವರಿಗೆ 1946ರಿಂದಲೇ ಇರುವ ಪಿ-90 ಇದೆ. ಅದು ಒಂದೇ ಅಗಲ ಸುರುಳಿಯದ್ದು, ಹಾಗಾಗಿ ಗುಂಯ್ ಕೂಡ ಬರುತ್ತದೆ.

ಗುಂಯ್ ವಿಷಯ ಬಂದಾಗ ಒಂದು ಅಪಾಯದ ಸಲಹೆಯನ್ನು ಇಲ್ಲೇ ತಳ್ಳಿಹಾಕಬೇಕು. “ಆಂಪ್ ಪ್ಲಗ್‌ನ ದಪ್ಪ ಅರ್ತ್ ಪಿನ್ ತೆಗೆದರೆ ಸದ್ದು ನಿಲ್ಲುತ್ತೆ” ಎನ್ನುವವರಿದ್ದಾರೆ. ದಯವಿಟ್ಟು ಬೇಡ. ಗಿಟಾರ್‌ನ ಉಕ್ಕಿನ ತಂತಿಗಳು ಕೇಬಲ್ ಮೂಲಕ ಆಂಪ್‌ನ ಲೋಹದ ಚೌಕಟ್ಟಿಗೇ ಸೇರಿರುತ್ತವೆ. ಆಂಪ್ ಒಳಗೆ ಏನಾದರೂ ಕೆಟ್ಟರೆ ಆ ಕರೆಂಟ್ ಹೋಗುವುದು ನಿಮ್ಮ ಬೆರಳಿಗೆ. 1972ರಲ್ಲಿ ಬ್ರಿಟನ್ನಿನ ‘ಸ್ಟೋನ್ ದಿ ಕ್ರೋಸ್’ ತಂಡದ ಗಿಟಾರ್ ವಾದಕ ಲೆಸ್ ಹಾರ್ವಿ ಸ್ವಾನ್ಸಿಯ ವೇದಿಕೆಯಲ್ಲಿ, ಅರ್ತಿಂಗ್ ಸರಿಯಿಲ್ಲದ ಮೈಕ್ ಮುಟ್ಟಿ ಪ್ರಾಣ ಕಳೆದುಕೊಂಡರು. ಗುಂಯ್ ಎಲ್ಲಿಯದು ಎಂದು ತಿಳಿಯಲು ಸುಲಭ ದಾರಿಯಿದೆ: ಗಿಟಾರ್ ಹಿಡಿದು ನಿಧಾನಕ್ಕೆ ದಿಕ್ಕು ತಿರುಗಿ. ಸದ್ದು ಏರಿಳಿದರೆ ಅದು ಪಿಕಪ್‌ನದು. ಬದಲಾಗದಿದ್ದರೆ ಕೇಬಲ್, ಆಂಪ್ ಅಥವಾ ಮನೆಯ ಅರ್ತಿಂಗ್ ಪರೀಕ್ಷಿಸಬೇಕು. ಹಂಬಕರ್ ಹಾಕಿಸಿದರೂ ಆ ಸದ್ದು ಹೋಗದು.

ಬಗೆಯಷ್ಟೇ ಮುಖ್ಯವಾದದ್ದು ಜಾಗ. 1954ರಲ್ಲಿ ಬಂದ ಫೆಂಡರ್ ಸ್ಟ್ರಾಟೊಕಾಸ್ಟರ್‌ನಲ್ಲಿದ್ದದ್ದು ಒಂದೇ ತರಹದ ಮೂರು ಪಿಕಪ್. ಆದರೂ ಸ್ವಿಚ್ ತಿರುಗಿಸಿದರೆ ದನಿ ಬೇರೆ ಬೇರೆ. ಬ್ರಿಜ್ ಹತ್ತಿರ ತಂತಿ ಅಲುಗುವುದು ಕಡಿಮೆ, ಅಲ್ಲಿ ಮೇಲಿನ ಸ್ವರಾಂಶಗಳದ್ದೇ ಮೇಲುಗೈ, ನಾದ ಚೂಪು. ನೆಕ್ ಕಡೆ ಮೂಲಸ್ವರ ತುಂಬಿ ಬರುತ್ತದೆ.

“ಹೆವಿ ಸೌಂಡ್ ಬೇಕಾದರೆ ಹಂಬಕರ್ರೇ ಆಗಬೇಕು” ಎಂಬ ಮಾತೂ ಪೂರ್ತಿ ನಿಜವಲ್ಲ. 1972ರ ‘ಮೆಷಿನ್ ಹೆಡ್’ ಆಲ್ಬಂನಲ್ಲಿ ಡೀಪ್ ಪರ್ಪಲ್‌ನ ರಿಚಿ ಬ್ಲ್ಯಾಕ್‌ಮೋರ್ ನುಡಿಸಿದ್ದು ಸಿಂಗಲ್ ಕಾಯಿಲ್‌ನ ಸ್ಟ್ರಾಟೊಕಾಸ್ಟರ್. ಬಿ.ಬಿ. ಕಿಂಗ್ ಅವರ ಮೆದುವಾದ ಬ್ಲೂಸ್ ಬಂದದ್ದು ಹಂಬಕರ್‌ನಿಂದ. ಇನ್ನು ಗಿಬ್ಸನ್‌ನ ಮೊದಮೊದಲ ಹಂಬಕರ್‌ಗಳ ‘ಅಸಲಿ’ ನಾದ ಎಂದು ಮಾರುವವರನ್ನು ಕಂಡರೆ ನಮಗೆ ಸ್ವಲ್ಪ ನಗು ಬರುತ್ತದೆ. ಪೇಟೆಂಟ್ ಸಿಗುವ ಮುನ್ನ ‘ಪೇಟೆಂಟ್‌ಗೆ ಅರ್ಜಿ ಸಲ್ಲಿಸಿದೆ’ ಎಂಬ ಚೀಟಿ ಅಂಟಿಸಿ ಬಂದ ಆ ಪಿಕಪ್‌ಗಳಲ್ಲಿ ಸುತ್ತುಗಳ ಎಣಿಕೆಯೂ, ಅಯಸ್ಕಾಂತದ ಬಗೆಯೂ ಒಂದರಂತೆ ಒಂದಿರಲಿಲ್ಲ. ಯಾವುದನ್ನು ಅಸಲಿ ಎನ್ನೋಣ?

ನಿಮ್ಮ ಗಿಟಾರ್ ನಾದ ಸಪ್ಪೆ ಅನಿಸಿದರೆ ಮೊದಲು ಬೇಕಿರುವುದು ಒಂದು ಸ್ಕ್ರೂಡ್ರೈವರ್. ಪಿಕಪ್‌ನ ಎರಡೂ ಬದಿಯ ಸ್ಕ್ರೂ ತಿರುಗಿಸಿದರೆ ಅದು ತಂತಿಗೆ ಹತ್ತಿರ ಅಥವಾ ದೂರ ಹೋಗುತ್ತದೆ. ಕೊನೆಯ ಫ್ರೆಟ್ ಒತ್ತಿ ಹಿಡಿದಾಗ ತಂತಿಗೂ ಪಿಕಪ್‌ಗೂ ಸುಮಾರು 2ರಿಂದ 2.5 ಮಿ.ಮೀ. ಅಂತರವಿಟ್ಟು ಶುರು ಮಾಡಿ. ಅರ್ಧ ಸುತ್ತು ತಿರುಗಿಸುವುದು, ನುಡಿಸಿ ಕೇಳುವುದು, ಮತ್ತೆ ಅರ್ಧ ಸುತ್ತು. ತೀರಾ ಹತ್ತಿರ ತಂದರೆ ಅಯಸ್ಕಾಂತ ತಂತಿಯನ್ನೇ ಎಳೆದು, ಶ್ರುತಿ ಸರಿಯಿದ್ದರೂ ಅಪಸ್ವರ ಬರುತ್ತದೆ. ತುಕ್ಕು ಹಿಡಿದ ತಂತಿ ಬದಲಿಸಿ. ಕೇಬಲ್ ತುಂಬಾ ಉದ್ದವಿದ್ದರೆ ಗಿಡ್ಡದು ಹಾಕಿ ನೋಡಿ, ಉದ್ದ ಕೇಬಲ್ ತಾರ ಸ್ವರಾಂಶಗಳನ್ನು ನುಂಗುತ್ತದೆ. ಒಂದು ವಾರ ಹೀಗೆ ನುಡಿಸಿದರೆ, ನಿಮಗೆ ಬೇಕಿರುವುದು ಹೆಚ್ಚು ಹೊಳಪೋ, ಹೆಚ್ಚು ದಪ್ಪವೋ, ಬರೀ ಗುಂಯ್ ಹೋದರೆ ಸಾಕೋ ಗೊತ್ತಾಗುತ್ತದೆ.

ಇಷ್ಟಾದ ಮೇಲೂ ಪಿಕಪ್ ಬದಲಿಸುವುದೇ ಆದರೆ, ನೋಡಬೇಕಾದ ಕಿಲೋ ಓಮ್ ಅಂಕಿಯೊಂದು ಬೇರೆ ಕಡೆ ಇದೆ: ವಾಲ್ಯೂಮ್ ತಿರುಪಿನ ಕೆಳಗಿರುವ ಪಾಟ್ ಎಂಬ ಬಿಡಿಭಾಗದಲ್ಲಿ. ಸಾಮಾನ್ಯವಾಗಿ ಸಿಂಗಲ್ ಕಾಯಿಲ್‌ಗೆ 250, ಹಂಬಕರ್‌ಗೆ 500 ಕಿಲೋ ಓಮ್ ಹಾಕುತ್ತಾರೆ. ಸಿಂಗಲ್ ಕಾಯಿಲ್ ತೆಗೆದು ಹಂಬಕರ್ ಹಾಕಿಸಿ, ಹಳೆಯ 250ರ ಪಾಟನ್ನು ಹಾಗೇ ಬಿಟ್ಟರೆ ಹೊಸ ಪಿಕಪ್ ಕಂಬಳಿ ಹೊದ್ದಂತೆ ಕೇಳುತ್ತದೆ. ಪಾಟ್‌ನ ಬೆಲೆ ಪಿಕಪ್ ಬೆಲೆಯ ಸಣ್ಣದೊಂದು ಪಾಲು ಮಾತ್ರ. ಬೆಸುಗೆ ಹಾಕುವವರ ಬಳಿ ಗಿಟಾರ್ ಬಿಡುವಾಗಲೇ ಇದನ್ನು ಕೇಳಿಬಿಡಿ.