ಫ್ಯೂಜಿನಲ್ಲಿ ಹಗ್ಗದಂಥ ತಂತಿ!

ಬೇಸಿಗೆ ಬಂತೆಂದರೆ ರಾಯಚೂರಿನ ಮಂದಿಗೆ ಎರಡೇ ಚಿಂತೆ: ಒಂದು ನೀರು, ಇನ್ನೊಂದು ಕರೆಂಟು. 1985ರಲ್ಲಿ ಮೊದಲ ಘಟಕ ಶುರುವಾದ ಶಕ್ತಿನಗರದ ಶಾಖೋತ್ಪನ್ನ ಕೇಂದ್ರ ಊರಿಗೆ ಕೂಗಳತೆ ದೂರವೆಂದೇ ಹೇಳಬೇಕು. ಅಲ್ಲಿನ ಕರೆಂಟು ರಾಜ್ಯವೆಲ್ಲ ಸುತ್ತುತ್ತದೆ; ಇಲ್ಲಿ ಮಾತ್ರ ಮಟಮಟ ಮಧ್ಯಾಹ್ನ ಫ್ಯಾನು ತಿರುಗಲೋ ಬೇಡವೋ ಎನ್ನುತ್ತದೆ. ದೀಪದ ಬುಡಕ್ಕೆ ಕತ್ತಲೆ! ಕರೆಂಟು ಕಂಪನಿಯನ್ನು ಬೈಯುವುದು ಸುಲಭ, ಬೈಯಬೇಕಾದದ್ದೂ ಇದೆ. ಆದರೆ ಮೀಟರಿನಿಂದ ಈಚೆಗಿರುವ ತಂತಿಗೆ ಯಾರನ್ನು ಬೈಯುವುದು?

ತೀನ್ ಕಂದೀಲ್ ಸುತ್ತಿನ ಹಳೇ ಪೇಟೆಯಲ್ಲಿ ಕೆಳಗೆ ಅಂಗಡಿ, ಮೇಲೆ ಸಂಸಾರ. ಎಷ್ಟೋ ಗೋಡೆಗಳ ಮೇಲೆ ಮರದ ರೀಪಿಗೆ ಬಡಿದ ಹಳೇ ತಂತಿಯೇ ಇನ್ನೂ ಇದೆ. ಅದನ್ನು ಎಳೆದ ಕಾಲಕ್ಕೆ ಮನೆಗೆ ಎರಡು ಬಲ್ಬು, ಒಂದು ಫ್ಯಾನು, ಹೆಚ್ಚೆಂದರೆ ಒಂದು ರೇಡಿಯೋ. ಈಗ ಅದೇ ತಂತಿಗೆ ಫ್ರಿಜ್ಜು, ಕೂಲರು, ಮಿಕ್ಸಿ, ಇಸ್ತ್ರಿ ಪೆಟ್ಟಿಗೆ, ಅನುಕೂಲವಿದ್ದವರದು ಎ.ಸಿ. ಒಂದೂವರೆ ಟನ್ನಿನ ಎ.ಸಿ. ಸುಮಾರು 1500 ವ್ಯಾಟ್ ಎಳೆದರೆ, ಇಸ್ತ್ರಿ ಪೆಟ್ಟಿಗೆ 1000. ಎರಡೂ ಸೇರಿ 11 ಆಂಪಿಯರ್ ಹತ್ತಿರ. ಕರೆಂಟು ಎರಡು ಪಟ್ಟಾದರೆ ತಂತಿಯ ಕಾವು ನಾಲ್ಕು ಪಟ್ಟು. ಹೊರಗೆ 42 ಡಿಗ್ರಿ ಇರುವಾಗ ಆ ಕಾವು ಹೋಗುವುದಾದರೂ ಎಲ್ಲಿಗೆ?

ಇನ್ನು ಫ್ಯೂಜಿನ ಕಥೆ. ದಿನಕ್ಕೆರಡು ಸಲ ಫ್ಯೂಜು ಹೋದರೆ ಸಾಹುಕಾರರಿಗೆ ಸಿಟ್ಟು. "ನಾಕ್ ಎಳಿ ಜಾಸ್ತಿ ಹಾಕಪಾ, ಮತ್ತ ಹೋಗಬಾರದು ನೋಡು" ಅಂತಾರೆ. ಹುಡುಗ ವೈರಿನ ತುಂಡು ಸುಲಿದು ಹಗ್ಗದಂತೆ ಹೊಸೆದು ಕಟ್ಟಿ, ಇಪ್ಪತ್ತು ರೂಪಾಯಿ ಚಹಾಕ್ಕೆ ಇಸಕೊಂಡು ಹೋಗುತ್ತಾನೆ. ಫ್ಯೂಜು ಮತ್ತೆ ಹೋಗುವುದಿಲ್ಲ, ಖರೆ. ಹೋಗುವ ಸರದಿ ಗೋಡೆಯ ತಂತಿಯದು. ಅದರ ಕೆಳಗೇ ಬಟ್ಟೆಯ ಥಾನುಗಳು, ಮೇಲೆ ಮಲಗಿದ ಮಕ್ಕಳು. ಫ್ಯೂಜು ಸುಡುವುದು ತಂತಿ ಉಳಿಯಲಿ ಎಂದು. ಕೂಗಿ ಎಬ್ಬಿಸುವ ಕಾವಲುಗಾರನ ಬಾಯಿಗೇ ಬಟ್ಟೆ ತುರುಕಿದರೆ ಹೇಗೆ?

ಫ್ಯೂಜಾಗಲಿ ಎಂ.ಸಿ.ಬಿ.ಯಾಗಲಿ ಕಾಯುವುದು ತಂತಿಯನ್ನು, ಶಾಕ್ ಹೊಡೆಸಿಕೊಳ್ಳುವ ಮನುಷ್ಯನನ್ನಲ್ಲ. ಅದಕ್ಕೆ 30 ಮಿಲಿ ಆಂಪಿಯರ್ ಸೋರಿದರೆ ತಾನೇ ಬೀಳುವ ಆರ್.ಸಿ.ಸಿ.ಬಿ. ಬೇರೆ ಬೇಕು. ತಗಡಿನ ಕೂಲರು ಇರುವ ಮನೆಗಂತೂ ಬೇಕೇಬೇಕು. ತಗಡು, ನೀರು, ಮೋಟರು ಮೂರೂ ಒಂದೇ ಪೆಟ್ಟಿಗೆಯಲ್ಲಿ! ಸಾಲದ್ದಕ್ಕೆ ಮೂರು ಪಿನ್ನಿನ ಪ್ಲಗ್ಗು ಕತ್ತರಿಸಿ ಎರಡು ವೈರು ತೂತಿಗೆ ಚುಚ್ಚುವ ಜಾಣರಿದ್ದಾರೆ. ಮನೆಯಾಕೆ ಒದ್ದೆ ನೆಲದ ಮೇಲೆ ನಿಂತು, ಓಡುತ್ತಿರುವ ಕೂಲರಿಗೆ ಕೊಡದಿಂದ ನೀರು ಸುರಿಯುತ್ತಾಳೆ. ಮೊದಲು ಪ್ಲಗ್ಗು ಕೀಳಬೇಕು, ಆಮೇಲೆ ನೀರು.

ಉಪ್ಪು, ಇದ್ದಿಲು ಹಾಕಿದ ಅರ್ತಿಂಗ್ ಗುಂಡಿಯೂ ಏಪ್ರಿಲ್‌ನಲ್ಲಿ ಒಣಗಿ ಬಿರುಕು ಬಿಟ್ಟಿರುತ್ತದೆ. ಒಣ ಮಣ್ಣು ಕರೆಂಟನ್ನು ಸರಿಯಾಗಿ ಒಳಗೆ ಬಿಟ್ಟುಕೊಳ್ಳುವುದಿಲ್ಲ. "ಕುಡಿಯಾಕ ನೀರಿಲ್ಲ, ಅರ್ತಿಂಗಿಗೆ ಎಲ್ಲಿಂದ ತರೋಣ್ರೀ?" ಎನ್ನುವವರು ಕೂಲರಿನ ಹಳೇ ನೀರನ್ನೇ ಅಲ್ಲಿಗೆ ಸುರಿಯಬಹುದು.

2023ರಲ್ಲಿ ಗೃಹಜ್ಯೋತಿ ಬಂದ ಮೇಲೆ 200 ಯೂನಿಟ್ ದಾಟೀತೆಂದು ಮೀಟರು ನೋಡುವ ಚಟ ಎಲ್ಲರಿಗೂ ಹತ್ತಿದೆ. ಸ್ವಿಚ್ ಬೋರ್ಡು ಬಿಸಿಯಾಗಿದೆಯೇ, ಸುಟ್ಟ ರಬ್ಬರಿನ ವಾಸನೆ ಬರುತ್ತಿದೆಯೇ ಎಂದು ನೋಡುವವರು ಎಷ್ಟು ಮಂದಿ?

ನಿಜವಾದ ಗಂಟು ಇರುವುದು ಬಾಡಿಗೆ ಮನೆಗಳಲ್ಲಿ. ತಂತಿ ಬದಲಿಸಲು ಮಾಲೀಕರು ಒಲ್ಲರು, "ಎ.ಸಿ. ತಂದವರು ನೀವು" ಅಂತಾರೆ. ಬಾಡಿಗೆದಾರರು ಒಲ್ಲರು, "ನಾಳೆ ಬಿಟ್ಟು ಹೋಗೋ ಮನೀಗೆ ಯಾಕ ರೊಕ್ಕ ಹಾಕೋಣು?" ಅಂತಾರೆ. ತಂತಿ ಗೋಡೆಯ ಭಾಗ, ಗೋಡೆ ಮಾಲೀಕರದು. ಆದ್ದರಿಂದ ಹಳೇ ತಂತಿ ತೆಗೆಸುವ ಖರ್ಚು ಅವರದೇ. ಎ.ಸಿ.ಗೆ ಬೋರ್ಡಿನಿಂದ ನೇರ ಎಳೆಯಬೇಕಾದ 4 ಚದರ ಮಿ.ಮೀ. ತಾಮ್ರದ ತಂತಿಯ ಖರ್ಚು ಎ.ಸಿ. ತಂದವರದು. ಡಿಪಾಜಿಟ್ ಕಟ್ಟಬೇಕಾದೀತೆಂದು ಲೋಡ್ ಮುಚ್ಚಿಡುವುದೂ ನಿಲ್ಲಬೇಕು. ಲೆಕ್ಕ ಸಿಗದಿದ್ದರೆ ಕಂಪನಿಯವರು ಓಣಿಗೆ ದೊಡ್ಡ ಟ್ರಾನ್ಸ್‌ಫಾರ್ಮರ್ ಕೂಡಿಸುವುದಾದರೂ ಯಾವ ಆಧಾರದ ಮೇಲೆ?

ಪರವಾನಗಿ ಇರುವ ವೈರ್‌ಮನ್ನನ್ನು ಬಿಸಿಲು ಏರುವ ಮೊದಲೇ ಕರೆಸಿ ತೋರಿಸಬೇಕು. ಮೇ ತಿಂಗಳಲ್ಲಿ ಕೈಯಲ್ಲಿ ರೊಕ್ಕ ಹಿಡಿದು ಹುಡುಕಿದರೂ ಅವನು ಸಿಗುವುದಿಲ್ಲ. ಯಾರದೋ ಲಗ್ನದ ಪೆಂಡಾಲಿಗೆ ಸೀರಿಯಲ್ ಸೆಟ್ ಕಟ್ಟುತ್ತಿರುತ್ತಾನೆ.