ವೈಟ್‌ಫೀಲ್ಡ್ ಪ್ರದೇಶದಲ್ಲಿ ಅಪಾರ್ಟ್‌ಮೆಂಟ್ ಬಾಡಿಗೆ: ಒಂದು ಅವಲೋಕನ

ಬೆಂಗಳೂರಿನ ಪೂರ್ವದ ಅಂಚಿನಲ್ಲಿರುವ ವೈಟ್‌ಫೀಲ್ಡ್ ಪ್ರದೇಶವು 2007ರವರೆಗೆ ಮಹದೇವಪುರ ನಗರಸಭೆಯ ವ್ಯಾಪ್ತಿಯಲ್ಲಿದ್ದು, ಬಳಿಕ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಗೆ ಸೇರ್ಪಡೆಯಾಯಿತು. 2025ರ ಸೆಪ್ಟೆಂಬರ್‌ನಿಂದ ಬೆಂಗಳೂರು ಪೂರ್ವ ನಗರ ಪಾಲಿಕೆಗೆ ಒಳಪಟ್ಟಿದೆ. ನಗರದ ಹೊರವಲಯದಲ್ಲಿ ವಾಸದ ವೆಚ್ಚ ಕಡಿಮೆ ಎಂಬ ಸಾಮಾನ್ಯ ನಂಬಿಕೆಯು ಈ ಪ್ರದೇಶಕ್ಕೆ ಅನ್ವಯಿಸುವುದಿಲ್ಲ.

ಬೇಡಿಕೆಯ ಕಾರಣಗಳು

1990ರ ದಶಕದಲ್ಲಿ ಐಟಿಪಿಎಲ್ ತಂತ್ರಜ್ಞಾನ ಉದ್ಯಾನವು ಸ್ಥಾಪನೆಗೊಂಡ ನಂತರ ಇಲ್ಲಿ ಉದ್ಯೋಗಾವಕಾಶಗಳೊಂದಿಗೆ ವಸತಿ ಬೇಡಿಕೆಯೂ ವೃದ್ಧಿಸಿತು. ಕೃಷ್ಣರಾಜಪುರದಿಂದ ವೈಟ್‌ಫೀಲ್ಡ್‌ವರೆಗಿನ ಮೆಟ್ರೋ ಮಾರ್ಗವು 2023ರ ಮಾರ್ಚ್‌ನಲ್ಲಿ ಆರಂಭಗೊಂಡು, ಅದೇ ಅಕ್ಟೋಬರ್‌ನಲ್ಲಿ ಬೈಯಪ್ಪನಹಳ್ಳಿಯೊಂದಿಗೆ ಜೋಡಣೆಯಾಯಿತು. ಇದರಿಂದ ನಗರದ ಕೇಂದ್ರಭಾಗಕ್ಕೆ ನೇರ ಸಂಪರ್ಕ ಲಭಿಸಿದ್ದು, ನಿಲ್ದಾಣಗಳ ಸಮೀಪದ ಮನೆಗಳಿಗೆ ವಿಶೇಷ ಬೇಡಿಕೆ ಇದೆ.

ಬಾಡಿಗೆಯ ಹೊರತಾದ ವೆಚ್ಚಗಳು

ಬಾಡಿಗೆದಾರರು ವಾಸ್ತವವಾಗಿ ಭರಿಸುವ ವೆಚ್ಚವು ಮಾಸಿಕ ಬಾಡಿಗೆಗಿಂತ ಅಧಿಕವಾಗಿರುತ್ತದೆ. ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಪಡೆಯುವ ಪದ್ಧತಿ ಬಹುಕಾಲದಿಂದ ರೂಢಿಯಲ್ಲಿದೆ. ಉದಾಹರಣೆಗೆ, ಮಾಸಿಕ ಬಾಡಿಗೆ 30,000 ರೂ. ಇದ್ದಲ್ಲಿ ಮುಂಗಡವು 3 ಲಕ್ಷ ರೂ. ಆಗುತ್ತದೆ. ಈ ಮೊತ್ತಕ್ಕೆ ವಾರ್ಷಿಕ ಶೇ. 6ರಂತೆ ಲೆಕ್ಕ ಹಾಕಿದರೂ, ತಿಂಗಳಿಗೆ 1,500 ರೂ. ಬಡ್ಡಿ ಆದಾಯವನ್ನು ಕುಟುಂಬವು ಕಳೆದುಕೊಳ್ಳುತ್ತದೆ. ಮನೆ ತೆರವುಗೊಳಿಸುವಾಗ ಬಣ್ಣ ಬಳಿಯುವ ವೆಚ್ಚವೆಂದು ಒಂದು ತಿಂಗಳ ಬಾಡಿಗೆಯನ್ನು ಮುಂಗಡದಿಂದ ಕಡಿತಗೊಳಿಸುವುದೂ ಸಾಮಾನ್ಯವಾಗಿದೆ.

ನಿರ್ವಹಣಾ ಶುಲ್ಕ ಮತ್ತು ನೀರಿನ ವೆಚ್ಚ ಇದಕ್ಕೆ ಸೇರುತ್ತವೆ. 2023ರ ಮಳೆ ಕೊರತೆಯಿಂದ 2024ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿ, ಹಲವು ವಸತಿ ಸಮುಚ್ಚಯಗಳು ಟ್ಯಾಂಕರ್ ನೀರನ್ನು ಅವಲಂಬಿಸಿದವು. ಆ ಮಾರ್ಚ್‌ನಲ್ಲಿ ಜಿಲ್ಲಾಡಳಿತವು ಖಾಸಗಿ ಟ್ಯಾಂಕರ್‌ಗಳಿಗೆ ದರ ನಿಗದಿಪಡಿಸಬೇಕಾಯಿತು. ಅಕ್ಟೋಬರ್ 2024ರಲ್ಲಿ ದಿನಕ್ಕೆ 775 ದಶಲಕ್ಷ ಲೀಟರ್ ಸಾಮರ್ಥ್ಯದ ಕಾವೇರಿ 5ನೇ ಹಂತದ ಯೋಜನೆಯು ಚಾಲನೆಗೊಂಡಿದ್ದರೂ, ಆಯಾ ಕಟ್ಟಡಕ್ಕೆ ಸಂಪರ್ಕ ಪಡೆದಿದ್ದಲ್ಲಿ ಮಾತ್ರ ಅದರ ಪ್ರಯೋಜನ ದೊರೆಯುತ್ತದೆ.

ಕಾನೂನಿನ ಸ್ಥಿತಿ

ಕರ್ನಾಟಕ ಬಾಡಿಗೆ ಅಧಿನಿಯಮ, 1999ನ್ನು ರೂಪಿಸಿದಾಗ, ಬೆಂಗಳೂರಿನಂತಹ ನಗರಗಳಲ್ಲಿ ಮಾಸಿಕ 3,500 ರೂ. ಮೀರಿದ ಬಾಡಿಗೆಯ ಕಟ್ಟಡಗಳನ್ನು ಅದರ ವ್ಯಾಪ್ತಿಯಿಂದ ಹೊರಗಿಡಲಾಯಿತು. ಅಂದು ದುಬಾರಿ ಮನೆಗಳನ್ನಷ್ಟೇ ಹೊರಗಿಡುವ ಉದ್ದೇಶದ ಈ ಮಿತಿಯನ್ನು ಇಂದು ಸಾಮಾನ್ಯ ಅಪಾರ್ಟ್‌ಮೆಂಟ್‌ಗಳ ಬಾಡಿಗೆಯೂ ಹಲವು ಪಟ್ಟು ಮೀರಿದೆ. ಪರಿಣಾಮವಾಗಿ, ಬಾಡಿಗೆ ಹೆಚ್ಚಳ ಹಾಗೂ ಮುಂಗಡದ ವಿಷಯದಲ್ಲಿ ಬಹುಪಾಲು ಬಾಡಿಗೆದಾರರಿಗೆ ಕರಾರು ಪತ್ರವೇ ಮುಖ್ಯ ರಕ್ಷಣೆಯಾಗಿದೆ.

ಕೇಂದ್ರ ಸಚಿವ ಸಂಪುಟವು ಜೂನ್ 2021ರಲ್ಲಿ ಅನುಮೋದಿಸಿದ ಮಾದರಿ ಬಾಡಿಗೆ ಕಾಯ್ದೆಯು ವಾಸದ ಮನೆಗಳ ಮುಂಗಡವನ್ನು ಎರಡು ತಿಂಗಳ ಬಾಡಿಗೆಗೆ ಸೀಮಿತಗೊಳಿಸುತ್ತದೆ. ಮೇಲಿನ ಉದಾಹರಣೆಯಲ್ಲಿ ಇದು 60,000 ರೂ. ಮಾತ್ರ. ಆದರೆ ಇದು ಮಾದರಿಯಷ್ಟೇ ಆಗಿದ್ದು, ರಾಜ್ಯಗಳು ಕಾನೂನಿನ ಮೂಲಕ ಅಳವಡಿಸಿಕೊಂಡಾಗ ಮಾತ್ರ ಜಾರಿಗೆ ಬರುತ್ತದೆ.

ಗಮನಿಸಬೇಕಾದ ಅಂಶಗಳು

ಕರಾರಿಗೆ ಸಹಿ ಮಾಡುವ ಮುನ್ನ ಈ ಕೆಳಕಂಡ ಅಂಶಗಳು ಲಿಖಿತವಾಗಿರುವುದನ್ನು ಬಾಡಿಗೆದಾರರು ಖಚಿತಪಡಿಸಿಕೊಳ್ಳುವುದು ಸೂಕ್ತ:

1. ವಾರ್ಷಿಕ ಬಾಡಿಗೆ ಹೆಚ್ಚಳದ ಪ್ರಮಾಣ.
2. ಮುಂಗಡ ಹಿಂದಿರುಗಿಸುವ ಅವಧಿ ಮತ್ತು ಕಡಿತದ ಗರಿಷ್ಠ ಮಿತಿ.
3. ನಿರ್ವಹಣಾ ಶುಲ್ಕ ಹಾಗೂ ಟ್ಯಾಂಕರ್ ನೀರಿನ ವೆಚ್ಚ ಭರಿಸುವವರು ಯಾರು ಎಂಬುದು.
4. ಮನೆ ತೆರವಿಗೆ ಉಭಯ ಪಕ್ಷಗಳು ನೀಡಬೇಕಾದ ಸೂಚನೆಯ ಅವಧಿ.

ಹನ್ನೊಂದು ತಿಂಗಳ ಕರಾರಿಗೆ ನೋಂದಣಿ ಕಡ್ಡಾಯವಲ್ಲವೆಂಬ ಕಾರಣಕ್ಕೆ ಅದನ್ನು ಕೇವಲ ಔಪಚಾರಿಕ ಕಾಗದವೆಂದು ಪರಿಗಣಿಸುವುದು ಸರಿಯಲ್ಲ. ವಿವಾದ ಉಂಟಾದಲ್ಲಿ ಮೊದಲು ಪರಿಶೀಲನೆಗೆ ಬರುವುದು ಅದರಲ್ಲಿನ ಷರತ್ತುಗಳೇ ಆಗಿರುತ್ತವೆ.